ಮಂಡಕ್ಕಿ ಯಂತ್ರದ ಒಡತಿ

ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ‘ವಿದ್ಯಾರ್ಥಿ ಉದ್ಯಮಿ: ಶ್ರೀ ಬಕ್ಕೇಶ್. ಹೊಗೆಯಿಲ್ಲದ ಮಂಡಕ್ಕಿ ಯಂತ್ರ.’ ತನುಶ್ರೀ ಎರಡು ಸಲ ಓದಿದಳು. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

ಅದು 1998. ದಾವಣಗೆರೆಯ ಆ ಇಂಜಿನಿಯರಿಂಗ್ ಕಾಲೇಜು ವಿದ್ಯಾರ್ಥಿಗಳ ಉದ್ಯಮಕ್ಕೆಂದು ಹೊಸದಾಗಿ ಘಟಕ ತೆರೆದಿತ್ತು. ಆಯ್ಕೆಯಾದವರಿಗೆ ಒಂದು ಶೆಡ್, ಕರೆಂಟು, ವರ್ಷದ ಮಾರ್ಗದರ್ಶನ. ಹಯಾತ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಹೊಗೆಗೆ ಕಣ್ಣು ಕೆಂಪಾದ ಹೆಂಗಸರನ್ನು ಕಂಡು ಈ ಯಂತ್ರವನ್ನು ಯೋಚಿಸಿದವಳು ತನುಶ್ರೀ. ಮರಳು ಕಾಯಿಸುವ ಡ್ರಮ್ಮಿನ ಶಾಫ್ಟನ್ನು ತನ್ನೂರು ಹರಿಹರದ ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತು ಕಡೆದವಳೂ ಅವಳೇ. ಹೋದ ವರ್ಷ ಶಿವನ ಪಾದ ಸೇರಿದ ಅಪ್ಪ ಕಲಿಸಿದ್ದ ಕಸುಬು. ಸಹಪಾಠಿ ಬಕ್ಕೇಶ್ ಮಾಡಿದ್ದು ಚಿಮಣಿ ಮಾತ್ರ.

ಕೇಳಲು ಹೋದಾಗ ಘಟಕದ ಸಂಯೋಜಕರು ಕುರ್ಚಿಯಿಂದ ಅಲ್ಲಾಡಲಿಲ್ಲ. “ನೀನು ನಾಳೆ ಮದುವೆಯಾಗಿ ಹೋಗೋ ಹುಡುಗಿ ಕಣಮ್ಮ. ಶೆಡ್ ಯಾರು ನೋಡ್ಕಳ್ಳೋದು? ಬಕ್ಕೇಶನೇ ಸಹಿ ಹಾಕ್ಯಾನೆ, ನೋಡು.”

ಸಹಿ ಅವನದೇ. ನೋಟ್ಸಿನ ಅಂಚಿನಲ್ಲಿ ಆ ಅಕ್ಷರವನ್ನು ಎಷ್ಟೋ ಸಲ ಬೆರಳಿನಿಂದ ಸವರಿದ್ದಳು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಬುದ್ಧಿ ಕೊಡುವಾಗ ದೇವರು ಗಂಡೋ ಹೆಣ್ಣೋ ಎಂದು ನೋಡಲಿಲ್ಲ. ನೋಡಲು ಇವರು ಯಾರು?

ಸಂಜೆ ತನುಶ್ರೀ ಹಯಾತ್ ಸಾಬರ ಭಟ್ಟಿಯಲ್ಲಿ ಒಲೆಯ ಉರಿ ನೋಡುತ್ತಿದ್ದಾಗ ಬಕ್ಕೇಶ್ ಬಂದ.

“ಬರ್ರಿ ಮಾಲೀಕ್ರೆ, ಕೂಡ್ರಿ,” ಎಂದಳು ತಲೆ ಎತ್ತದೆ. “ಬೋರ್ಡು ಬಾಳ ಚಂದ ಐತೆ.”

“ತನು, ಸರ್ ಖಾಲಿ ಫಾರಂ ಕೊಟ್ಟು ಸಹಿ ಹಾಕು ಅಂದ್ರು. ಗುರುಗಳಿಗೆ ಎದುರು ಹೆಂಗೆ ಕೇಳೋದು? ಇಬ್ಬರ ಹೆಸರೂ ಬರೀತಾರೆ ಅಂದ್ಕಂಡೆ.”

“ಹಾಲ್ ಟಿಕೆಟ್ ನಾಕು ಸಲ ಓದೋರು ನೀವು. ಇದನ್ನ ಒಂದ್ಸಲ ಕೇಳಾಕೆ ಬಾಯಿ ಬರ್ಲಿಲ್ಲೇನ್ರಿ?”

ಮರಳು ಕೆದಕುತ್ತಿದ್ದ ಭಟ್ಟಿಯ ಕೆಲಸದಾಕೆ ರಹೀಮುನ್ನೀಸಾ ನಕ್ಕಳು. “ಇನ್ನೂ ಬೈ ಬೇಟಿ. ಮುಖ ನೋಡು, ಮಂಡಕ್ಕಿ ಹಂಗೆ ಬೆಳ್ಳಗಾಗೈತೆ!”

ಅವನ ಕಣ್ಣು ಅವಳ ಕೆನ್ನೆಯ ಮಸಿಯ ಮೇಲೆ ಒಂದು ಗಳಿಗೆ ನಿಂತಿತು. ಅವಳು ಮುಖ ತಿರುಗಿಸಿದಳು. ಅವನು ಹೊರಟುಹೋದ.

ಮರುದಿನ ಉದ್ಘಾಟನೆ. ಅತಿಥಿಗಳ ಎದುರು ಶೆಡ್ಡಿನ ಕೀಲಿಕೈ ಕೊಡಲು ಬಕ್ಕೇಶನನ್ನು ಕರೆದರು. ಅವನು ಕೈ ಚಾಚಲಿಲ್ಲ. ಮೈಕಿನ ಮುಂದೆ ನಿಂತ.

“ಈ ಯಂತ್ರ ತನುಶ್ರೀದು. ನಾನು ಚಿಮಣಿ ಮಾಡಿದೋನು. ಅವಳ ಹೆಸರು ಬರೆದ್ರೆ ಕೀಲಿಕೈ ಇಸ್ಕಂತೀನಿ, ಇಲ್ಲಾಂದ್ರೆ ಬ್ಯಾಡ.”

ಸಂಯೋಜಕರ ಮುಖ ಕಪ್ಪಿಟ್ಟಿತು. ಕೀಲಿಕೈ ಅವರ ಜೇಬಿಗೇ ಮರಳಿತು. ಬೋರ್ಡೂ ಇಳಿಯಿತು.

ಸುದ್ದಿ ಕೇಳಿದ ಹಯಾತ್ ಸಾಬರು ಬೀಡಿ ಆರಿಸಿದರು. “ಹೋದ್ರೆ ಹೋಗ್ಲಿ ಬಿಡ್ರಿ. ಭಟ್ಟಿ ಹಿಂದೆ ಜಾಗ ಖಾಲಿ ಐತೆ. ಅಲ್ಲೇ ಕೂಡ್ಸಿ ನಿಮ್ಮ ಮಿಶಿನ್ನು. ಫಾರಂ ಗೀರಂ ಬ್ಯಾಡ.”

ಇಬ್ಬರೂ ಸೇರಿ ಭಟ್ಟಿಯ ಹಿಂದೆ ಡ್ರಮ್ಮು ಕೂರಿಸಿ ಮುಗಿಸಿದಾಗ ಹೊತ್ತು ಇಳಿಯುತ್ತಿತ್ತು.

“ತನು, ಮೂರು ವರ್ಷದಿಂದ ಒಂದ್ಮಾತು ಹೇಳ್ಬೇಕಂತ...”

“ಗೊತ್ತೈತೆ. ನಿಮ್ಮನೆ ಇರೋದು ಶಾಮನೂರು ದಾರಿಗೆ. ಹರಿಹರದ ಬಸ್ಸು ಹೊರಡೋತನಕ ದಿನಾ ಸ್ಟ್ಯಾಂಡಿನಾಗೆ ಯಾಕ ನಿಂತಿರ್ತೀ?”

ಅವನ ಕಿವಿ ಕೆಂಪಾಯಿತು. “ಮತ್ತೆ ನಿಂಗೆ?”

“ನಂಗೂ ಇಷ್ಟ. ಆದ್ರೆ ಇವತ್ತು ಸಿಟ್ಟೇ ಜಾಸ್ತಿ ಐತೆ. ಅದು ಇಳಿಯೋತನಕ ಪಕ್ಕದಾಗೆ ಕೂತಿರು. ಮಾತಾಡಬ್ಯಾಡ.”

ಅವನು ಕೂತ. ಭಟ್ಟಿಯ ಮುಂದಿನ ರಸ್ತೆಯಲ್ಲಿ ಹರಿಹರಕ್ಕೆ ಮೂರು ಬಸ್ಸು ಹೋದವು. ಅವಳು ಏಳಲಿಲ್ಲ.