ಫೆಂಡರ್ ಇಳಿಸದ ಸಂಜೆ

“ಓ ಬೆನ್! ಫೆಂಡರ್ ಉಪರ್ ಲೋ!”

ಪಕ್ಕದಲ್ಲಿ ಹಾದುಹೋಗುತ್ತಿದ್ದ ದೋಣಿಯಿಂದ ಯಾರೋ ಗುಜರಾತಿಯಲ್ಲಿ ಕೂಗಿದಾಗ ವಿಂಧ್ಯಾ ಬೆಚ್ಚಿಬಿದ್ದಳು. ಸೂರತ್‌ನ ತಾಪಿ ನದಿಯಲ್ಲಿ ಅವಳು ಬೋಟ್ ಕ್ಲಬ್ಬಿನ ಮೋಟಾರು ದೋಣಿ ನಡೆಸಲು ಕಲಿಯುತ್ತಿದ್ದ ಮೊದಲ ಭಾನುವಾರ ಅದು. ಕಲಿಸಬೇಕಾದ ಮುದುಕಪ್ಪ ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದ.

“ಎಂಥಾ ಸಿಡುಕು ಮೋತಿ ಅದ ನೋಡು ಇದು,” ಎಂದು ಗೊಣಗಿಕೊಂಡಳು.

ಆ ದೋಣಿ ನಿಧಾನವಾಯಿತು. ಅದರಲ್ಲಿದ್ದವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

“ಮೋತಿ ಅಂದ್ರ ಮುಖ ಅಂತ ನನಗೂ ತಿಳೀತದ್ರೀ, ಮೇಡಂ.”

ದಡದಲ್ಲಿ ಚಹಾ ಕುಡಿಯುತ್ತ ಅವನೇ ವಿವರಿಸಿದ. ದೋಣಿಯ ಮಗ್ಗುಲಲ್ಲಿ ಸೋರೆಕಾಯಿಯಂತೆ ತೂಗುವ, ಗಾಳಿ ತುಂಬಿದ ಆ ರಬ್ಬರ್ ದಿಂಬುಗಳಿಗೆ ಫೆಂಡರ್ ಎನ್ನುತ್ತಾರೆ. ಕಟ್ಟೆಗೆ ಬರುವ ಮುಂಚೆ ಇಳಿಬಿಡಬೇಕು, ಹೊರಟ ಮೇಲೆ ಎತ್ತಿ ಒಳಗಿಡಬೇಕು.

“ಹಂಗೇ ಜೋತುಬಿಟ್ಟು ಓಡಿಸಿದ್ರ, ಪಾಯಜಾಮದ ಲಾಡಿ ಬಿಟ್ಕೊಂಡು ಬಜಾರಕ್ಕ ಹೋದಂಗ.”

ವಿಂಧ್ಯಾಗೆ ನಗು ತಡೆಯಲಾಗಲಿಲ್ಲ. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಧಾರವಾಡದಿಂದ ಈ ಊರಿಗೆ ಬಂದಮೇಲೆ ಅವಳು ಹಾಗೆ ನಕ್ಕದ್ದೇ ಇಲ್ಲ. ರಜೆಯ ದಿನ ಮಾತಿಗೊಬ್ಬರಿಲ್ಲದೆ ಅಡಾಜಣದ ಬಾಡಿಗೆ ಮನೆಯ ಗೋಡೆ ನೋಡಿ ನೋಡಿ ಸಾಕಾಗಿಯೇ ಅವಳು ಈ ಕ್ಲಬ್ ಸೇರಿದ್ದು.

ಅವನ ಹೆಸರು ಅಮೃತ್. ರೈಲ್ವೆಯಲ್ಲಿ ಇಂಜಿನ್ ಚಾಲಕ. ಅಪ್ಪ ಗದಗಿನವರು, ರೈಲ್ವೆ ಗಾರ್ಡ್ ಆಗಿದ್ದವರು. ಅಮೃತ್ ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನ ಮಣಿನಗರದಲ್ಲಿ. ಅಪ್ಪ ಅಮ್ಮ ಇಬ್ಬರೂ ತೀರಿಹೋದ ಮೇಲೆ ಮನೆಯಲ್ಲಿ ಕನ್ನಡ ಆಡುವವರೇ ಇರಲಿಲ್ಲ. ಈಗ ವಡೋದರಾದ ಗೋರ್ವಾದಲ್ಲಿ ಒಬ್ಬನೇ. ಬಿಡುವು ಸಿಕ್ಕರೆ ರೈಲು ಹತ್ತಿ ಸೂರತ್‌ಗೆ ಬರುತ್ತಿದ್ದ. ಗೆಳೆಯನೊಬ್ಬನ ಜೊತೆ ಸೇರಿ ಕೊಂಡ ಹಳೆಯ ದೋಣಿ ಇಲ್ಲಿತ್ತು.

ಮುಂದಿನ ಭಾನುವಾರಗಳಲ್ಲಿ ವಿಂಧ್ಯಾ ಅವನ ದೋಣಿಯಲ್ಲೇ ಕಲಿತಳು. ಬಲಬದಿ ಬಿಡಬಾರದು. ಮೀನುಗಾರರ ದೋಣಿ ಕಂಡರೆ ಇಂಜಿನ್ ತಗ್ಗಿಸಬೇಕು.

“ಅವರು ಚಹಾ ಕುಡೀಲಿಕತ್ತಾರ. ನಮ್ಮ ದೋಣಿ ಅಲೆ ಹೋಗಿ ಬಡದ್ರ ಚೆಲ್ಲತದ.”

ಒಂದು ಮಾತನ್ನಂತೂ ಅವನು ಪ್ರತಿಸಲವೂ ಹೇಳುತ್ತಿದ್ದ. “ದೋಣಿ ಕಟ್ಟೀಗೆ ಬಡೀತದ ಅನಿಸಿದ್ರೂ ಕೈ ಕಾಲು ಅಡ್ಡ ಹಾಕಬ್ಯಾಡ್ರಿ. ದೋಣಿಗೆ ಗೀರು ಬಿದ್ರ ಪೇಂಟ್ ಹಚ್ಚಬಹುದು.”

ಅವನು ನದಿಯ ನಡತೆ ಕಲಿಸಿದ, ಅವಳು ಅವನ ಕನ್ನಡ ತಿದ್ದಿದಳು. ಒಂದು ವಾರ ಜ್ವರ ಬಂದು ತಪ್ಪಿಸಿಕೊಂಡಿದ್ದಳು. ಮರುವಾರ ಬಂದಾಗ ಅವನೆಂದ:

“ಹೋದವಾರ ನೀವು ಬರಲಿಲ್ಲ. ನಾ ಭಾಳ ನೆನಪು ಬಂದೆ.”

“ನೆನಪು ಬಂದೆ ಅಲ್ರೀ. ನೆನಪು ಬಂತು ಅನಬೇಕು.” ಅವಳು ತುಟಿ ಕಚ್ಚಿ ನಗು ತಡೆದಳು. “ಯಾರ ನೆನಪು ಬಂತು?”

ಅಮೃತ್ ಏನೂ ಕೆಡದ ಇಂಜಿನ್ನಿನ ಕಡೆ ತಿರುಗಿ ಅದನ್ನೇ ತಡವತೊಡಗಿದ. ಅವನ ಕಿವಿ ಕೆಂಪಗಾದದ್ದು ಹಿಂದಿನಿಂದ ಅವಳಿಗೆ ಕಂಡಿತು.

ಚಳಿ ಕಾಲಿಡುತ್ತಿದ್ದ ಒಂದು ಸಂಜೆ ಅವನು ಹೊಳೆಯ ನಡುವೆ ವೇಗ ತಗ್ಗಿಸಿ, “ಒಂದು ಮಾತು ಹೇಳೋದದ. ದಂಡಿಗೆ ಹೋಗಿ ಹೇಳ್ತೀನಿ,” ಎಂದ.

ಫೆಂಡರ್ ಇಳಿಸುವುದು ಅವಳ ಕೆಲಸ. ಹಗ್ಗ ಕೈಯಲ್ಲೇ ಇತ್ತು. ಅಮೃತ್ ಕಟ್ಟೆಯ ಕಡೆಗೇ ಕಣ್ಣಿಟ್ಟು ದೋಣಿ ತಿರುಗಿಸುತ್ತಿದ್ದ. ಅವನ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಹೇಳಬೇಕಾದ ಮಾತನ್ನು ಕನ್ನಡದಲ್ಲಿ ತಪ್ಪಿಲ್ಲದಂತೆ ಅಭ್ಯಾಸ ಮಾಡಿಕೊಳ್ಳುತ್ತಿದ್ದಾನೆಂದು ಅವಳಿಗೆ ಹೊಳೆಯಿತು. ಎದೆ ತುಂಬಿ ಬಂತು. ಆ ಮುಖ ನೋಡುತ್ತ ನಿಂತವಳಿಗೆ ಹಗ್ಗದ ನೆನಪೇ ಉಳಿಯಲಿಲ್ಲ.

ಅದೇ ಹೊತ್ತಿಗೆ ಯಾವುದೋ ದೋಣಿ ಕಟ್ಟೆಯ ಹತ್ತಿರದಲ್ಲೇ ರೊಯ್ಯನೆ ಹಾದುಹೋಯಿತು. ಅದರ ಅಲೆ ಇವರ ದೋಣಿಯನ್ನು ಎತ್ತಿ ಸಿಮೆಂಟ್ ಕಟ್ಟೆಯತ್ತ ಒಗೆಯಿತು. ಫೆಂಡರ್ ಇನ್ನೂ ಒಳಗೇ ಇತ್ತು. ಗಾಬರಿಯಲ್ಲಿ ವಿಂಧ್ಯಾ ಕಾಲು ಚಾಚಿದಳು.

“ವಿಂಧ್ಯಾ!”

ಅಮೃತ್ ಹಾರಿ ಬಂದು ಅವಳ ಕಾಲನ್ನು ಒಳಕ್ಕೆ ದೂಡಿದ. ದೋಣಿ ಬಡಿಯಿತು. ಅವನ ಬಲಗೈ ನಡುವೆ ಸಿಕ್ಕಿತ್ತು.

ಎರಡು ಬೆರಳು ಹೋದವು. ಮೂರನೆಯದು ಮಡಚದಾಯಿತು. ಇಂಜಿನ್ ನಡೆಸಲು ಇನ್ನು ಆಗದೆಂದು ರೈಲ್ವೆ ಡಾಕ್ಟರು ಹೇಳಿದರು. ವಡೋದರಾದಲ್ಲೇ ಕುರ್ಚಿಯ ಕೆಲಸ ಸಿಕ್ಕಿತು: ಯಾವ ಚಾಲಕನಿಗೆ ಯಾವ ಗಾಡಿ ಎಂದು ಡ್ಯೂಟಿ ಹಂಚುವುದು.

ವಿಂಧ್ಯಾ ಪ್ರತಿ ಭಾನುವಾರ ಡಬ್ಬಿ ಕಟ್ಟಿಕೊಂಡು ಗೋರ್ವಾಕ್ಕೆ ಹೋದಳು. ಮೊದಮೊದಲು ಅವನು ನಗಲು ನೋಡುತ್ತಿದ್ದ. ಬರಬರುತ್ತ ಅದೂ ನಿಂತಿತು. ತಂದ ರೊಟ್ಟಿ ಹಾಗೇ ಒಣಗುತ್ತಿತ್ತು. ಒಂದು ದಿನ ಕಿಟಕಿಯ ಕಡೆ ನೋಡುತ್ತ ಹೇಳಿದ:

“ಇನ್ನ ಬರಬ್ಯಾಡ್ರಿ. ನೀವು ನನ್ನ ಕೈ ನೋಡ್ತೀರಿ, ಅಳು ನುಂಗ್ತೀರಿ. ಪಾಪ ಅಂತ ಬರ್ತೀರಿ. ನನಗ ಅದು ಬ್ಯಾಡ.”

ತಪ್ಪು ತನ್ನದೇ ಎಂದು ವಿಂಧ್ಯಾಗೆ ಗೊತ್ತಿತ್ತು. ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು.

ಬೇಸಿಗೆ ಕಳೆಯಿತು. ತಾಪಿ ಕೆಂಪಾಗಿ ಉಕ್ಕಿ ಇಳಿಯಿತು. ಅವಳು ಕ್ಲಬ್ಬಿನ ಕಡೆ ಕಾಲಿಡಲಿಲ್ಲ. ಅಷ್ಟರಲ್ಲಿ ಧಾರವಾಡಕ್ಕೆ ವರ್ಗಾವಣೆ ಬಂತು. ಫೋನಿನಲ್ಲಿ ಅವ್ವ ಹಿಗ್ಗಿಹೋದಳು; ಒಂದು ಗಂಡೂ ನೋಡಿದ್ದಾಳಂತೆ. “ಹೂಂ,” ಎಂದು ಫೋನಿಟ್ಟ ವಿಂಧ್ಯಾಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆದ್ದು ವಡೋದರಾದ ರೈಲು ಹತ್ತಿದಳು.

ಬಾಗಿಲು ತೆರೆದ ಅಮೃತ್ ಸೊರಗಿದ್ದ. ಶರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ. ಒಳಗೆ ಚಹಾ ಉಕ್ಕಿ ಒಲೆಗೆ ಸೀದ ವಾಸನೆ.

“ಮುಂದಿನ ವಾರ ಧಾರವಾಡಕ್ಕ ಹೊಂಟೀನಿ,” ಎಂದಳು ನಿಂತೇ.

“ಚಲೋ ಆತು.”

“ಒಂದು ಮಾತು ಹೇಳಿ ಹೋಗ್ತೀನಿ. ಅವತ್ತು ನಾ ಫೆಂಡರ್ ಯಾಕ ಇಳಿಸಲಿಲ್ಲ, ಗೊತ್ತೇನ್ರೀ?”

“ಆಗಿದ್ದು ಆಗಿಹೋತು, ಬಿಡ್ರಿ.”

“ಬಿಡೂದಿಲ್ಲ. ನಿಮ್ಮ ಮುಖಾ ನೋಡಿಕೋತ ನಿಂತಿದ್ದೆ. ನೀವು ತುಟಿಯೊಳಗ ಕನ್ನಡ ಉರು ಹೊಡೀಲಿಕತ್ತಿದ್ರಿ. ಅದನ್ನ ನೋಡಿ ನನಗ ಜಗತ್ತೇ ಮರೆತುಹೋತು. ಪಾಪ ಅಂತ ಬರ್ತೀನಿ ಅಂದ್ರಲ್ಲ? ನಿಮ್ಮ ಕೈ ನೆಟ್ಟಗಿದ್ದಾಗಲೇ ನಾ ಹಿಂಗಾಗಿದ್ದೆ.”

ಅಮೃತ್ ಕುರ್ಚಿಯ ಅಂಚಿನಲ್ಲಿ ಕುಸಿದು ಕೂತ. ಹೊರಗೆ ಯಾವುದೋ ಕಾರ್ಖಾನೆಯ ಸೈರನ್ ಕೂಗಿ ನಿಂತಿತು.

“ಏನು ಹೇಳಬೇಕಂತಿದ್ರಿ ಅವತ್ತು?”

“ನಮ್ಮ ಮನೀಗೆ ಬರ್ತೀರೇನು, ಅಂತ. ಇರಲಿಕ್ಕೆ.” ಅವನು ನೆಲ ನೋಡುತ್ತಿದ್ದ. “ಅವಾಗ ಕೇಳಬೇಕಂದವ ಗಾಡಿ ಓಡಸಾವ. ಈಗ ಅವ ಇಲ್ಲ.”

“ನಾ ಗಾಡಿ ಓಡಸಾವನ್ನ ಬೇಡಿರಲಿಲ್ಲ.”

ಅವನು ಎದ್ದು ಚಪ್ಪಲಿ ಮೆಟ್ಟಿದ. “ಸ್ಟೇಷನ್‌ತನಕ ಬಿಟ್ಟು ಬರ್ತೀನಿ.”

ಅಪಘಾತವಾದ ಮೇಲೆ ಅಮೃತ್ ಡ್ಯೂಟಿ ಕೊಡುವ ಕೋಣೆ ಬಿಟ್ಟು ಪ್ಲಾಟ್‌ಫಾರ್ಮಿಗೆ ಬಂದೇ ಇರಲಿಲ್ಲ. ಸೂರತ್ ಗಾಡಿ ಬಂದು ನಿಂತಾಗ ಅವನು ಇಂಜಿನ್ನಿಗೆ ಬೆನ್ನು ಮಾಡಿ ನಿಂತ. ವಿಂಧ್ಯಾ ಹತ್ತಿ ಕಿಟಕಿಯ ಬಳಿ ಕೂತಳು. ಗಾಡಿ ಕದಲಿತು. ಅವನು ಎರಡು ಹೆಜ್ಜೆ ಜೊತೆಗೆ ಬಂದ. ನಾಲ್ಕಾಯಿತು. ಆಮೇಲೆ ಎಡಗೈಯಿಂದ ಬಾಗಿಲ ಸರಳು ಹಿಡಿದು ಹತ್ತಿಬಿಟ್ಟ.

ಏದುಸಿರು ಬಿಡುತ್ತ ಬಂದು ಅವಳ ಎದುರಿಗೆ ಕೂತ. ಊರು ಹಿಂದೆ ಸರಿಯಿತು. ತಿರುವಿನಲ್ಲಿ ಒಂದು ಸಿಗ್ನಲ್ ಕಂಡಾಗ ಅವನ ಮುಖ ಬಾಡಿತು.

“ಪ್ಯಾಸೆಂಜರ್ ಆಗಿ ಕೂತ್ರ ಎಲ್ಲಾ ಸಿಗ್ನಲ್ ಕೆಂಪೇ ಕಾಣತಾವ,” ಎಂದ. “ಇಂಜಿನ್ ದಾಟಿದ ಕೂಡ್ಲೆ ಕೆಂಪಾಗತಾವ, ಹಿಂದ ಬರೋ ಗಾಡಿಗೆ. ನಾ ಇಷ್ಟು ವರ್ಷ ಹಸಿರು ನೋಡಿಕೋತ ಹೋಗಿದ್ದೆ.”

ಅವನ ಹೆಗಲು ಅಲುಗತೊಡಗಿತು. ವಿಂಧ್ಯಾ ಅವನ ಪಕ್ಕಕ್ಕೆ ಸರಿದು ಕೂತು, ಆ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಅವನು ಹಿಂದಕ್ಕೆಳೆಯಲಿಲ್ಲ. ಎದುರು ಸೀಟಿನಲ್ಲಿದ್ದ ಮುದುಕಿಯೊಬ್ಬಳು ಸೆರಗು ಸರಿಪಡಿಸಿಕೊಂಡು ಕಿಟಕಿಯತ್ತ ತಿರುಗಿದಳು.

“ಧಾರವಾಡಕ್ಕ ಹೋಗೋದು ತಪ್ಪಂಗಿಲ್ಲ,” ಎಂದಳು ವಿಂಧ್ಯಾ. “ನೀವು ಹುಬ್ಬಳ್ಳಿಗೆ ವರ್ಗ ಕೇಳ್ರಿ.”

“ಭಾಳ ವರ್ಷ ಹಿಡೀತದ. ಸಿಗದೇನೂ ಇರಬಹುದು.”

“ನೋಡೋಣಂತ.”

ಭರೂಚಿನ ಸೇತುವೆ ದಾಟಿದ ಮೇಲೆ ಅವಳು ಫೋನ್ ತೆಗೆದಳು. “ಅವ್ವಾ, ಆ ಹುಡುಗನ ಮನಿಯವರಿಗೆ ಬ್ಯಾಡ ಅಂತ ಹೇಳಿಬಿಡು... ಹೂಂ, ಒಬ್ಬರಿದ್ದಾರ. ಇಲ್ಲೇ ಬಾಜೂಕ.” ಫೋನನ್ನು ಅವನ ಎಡಗೈಗೆ ಕೊಟ್ಟಳು. “ಮಾತಾಡ್ರಿ.”

ಅವನು ಕಣ್ಣೊರೆಸಿಕೊಂಡ. “ನಮಸ್ಕಾರ್ರೀ... ನಾನು ಅಮೃತ್.”

ಅತ್ತಲಿಂದ, ಇನ್ನೂ ಒಪ್ಪದ, ಆದರೂ ಬಿಡಲಾಗದ ದನಿಯೊಂದು ಕೇಳಿತು.

“ಊಟ ಆತೇನಪಾ?”

ಅಮ್ಮ ಹೋದ ಮೇಲೆ ಕನ್ನಡದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

“ಇನ್ನೂ ಇಲ್ರೀ,” ಎಂದ ಅಮೃತ್.