ಬೈಕಿನಲ್ಲಿ ಹಿಂದುಮುಂದಾಗಿ ಕೂತವನು

"ನೀವು ಬರೆದಿದ್ದು ಒಂದೋ, ಏಳೋ?"

ಹೋಟೆಲಿನ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತಿದ್ದವನು ತಿರುಗಿ ನೋಡಿದ. ಎದುರಿಗೆ ಬಿಸಿಲಿಗೆ ಮೂಗು ಕೆಂಪಗೆ ಸುಟ್ಟುಕೊಂಡ, ಹುಬ್ಬು ಗಂಟಿಕ್ಕಿದ ಒಬ್ಬಳು.

"ಯಾವಾಗ?"

"ಮಧ್ಯಾಹ್ನ. ಸೇತುವೆ ದಾಟಿದ ಮೇಲೆ. ನಿಮ್ಮ ಹಲಗೆ ಮೇಲೆ."

"ಒಂದು. ಒಂದು ನಿಮಿಷ ನಲವತ್ತು ಸೆಕೆಂಡ್."

"ಅದನ್ನ ಒಂದು ಅಂತಾರೇನ್ರಿ? ಮೂಗು ಇಟ್ಟು, ಸೊಂಟ ಬಗ್ಗಿಸಿ ಬರೆದಿದ್ದೀರ!"

ಆರು ದಿನಗಳ ಮಹಿಳಾ ಸೈಕಲ್ ರೇಸಿನ ಮೊದಲ ದಿನ ಅದು. ಈ ರೇಸಿನಲ್ಲಿ ಸವಾರರ ಕಿವಿಗೆ ರೇಡಿಯೋ ಇರಲಿಲ್ಲ. ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋದವರು ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಸುತ್ತಿದ್ದವನು ಅವನೊಬ್ಬನೇ. ಮೋಟಾರ್‌ಬೈಕಿನ ಹಿಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತು, ಸೀಮೆಸುಣ್ಣದಲ್ಲಿ ಸಮಯ ಬರೆದು, ಕರಿ ಹಲಗೆಯನ್ನು ಎತ್ತಿ ತೋರಿಸುವುದು ಅವನ ಕೆಲಸ. ಬೆವರು ತುಂಬಿದ ಅವಳ ಕಣ್ಣಿಗೆ ಆ ಒಂದು ಏಳಾಗಿ ಕಂಡಿತ್ತು. ಏಳು ನಿಮಿಷ! ಅವಳು ಗಾಬರಿಯಾಗಿ ಕೂಗಿದಳು. ತಂಡದ ಆರೂ ಹುಡುಗಿಯರು ಜೀವ ಬಿಟ್ಟು ತುಳಿದರು. ಅರ್ಧ ಗಂಟೆಯಲ್ಲಿ ಮುಂದಿನವರು ಸಿಕ್ಕರು, ಇವರ ಕಾಲು ಸೋತಿತು. ಸಂಜೆ ಬೇರೆ ತಂಡದವರು ನುಗ್ಗಿದಾಗ ತಡೆಯಲು ಯಾರಲ್ಲೂ ಶಕ್ತಿ ಉಳಿದಿರಲಿಲ್ಲ.

"ತಪ್ಪು ನಂದೇ," ಎಂದ ಅವನು. "ಮಕ್ಕಳೂ ಇದನ್ನೇ ಹೇಳ್ತಾರೆ."

"ಯಾರ ಮಕ್ಕಳು?"

"ಸ್ಕೂಲಿನವರು. ನಾನು ಲೆಕ್ಕದ ಮೇಷ್ಟ್ರು. ರಜೆಯಲ್ಲಿ ಮಾತ್ರ ಈ ಕೆಲಸ."

"ಓ," ಎಂದಳು. ತಾನು ಅಷ್ಟು ಬೇಗ ಆ ಪ್ರಶ್ನೆ ಯಾಕೆ ಕೇಳಿದೆ ಎಂದು ಅವಳಿಗೇ ನಾಚಿಕೆಯಾಯಿತು.

ಮರುದಿನ ಹಲಗೆಯ ಮೇಲೆ ಒಂದು ಎಂಬುದು ನೆಟ್ಟಗೆ ಕಂಬದ ಹಾಗೆ ನಿಂತಿತ್ತು. ಸಾಲದ್ದಕ್ಕೆ ಅವನು ತೋರುಬೆರಳನ್ನೂ ಎತ್ತಿ ತೋರಿಸಿದ. ಅವಳು ನಗು ಬಚ್ಚಿಡಲು ಹ್ಯಾಂಡಲ್ ಮೇಲೆ ತಲೆ ಬಗ್ಗಿಸಿದಳು.

ತಂಡದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸು ಮೂವತ್ತಮೂರು. ಹನ್ನೊಂದು ವರ್ಷಗಳಿಂದ ಅವಳ ಕೆಲಸ ಒಂದೇ: ಮುಂದೆ ನಿಂತು ಗಾಳಿಯನ್ನು ಸೀಳುವುದು. ಅವಳ ಬೆನ್ನ ಮರೆಯಲ್ಲಿ ಚಿಕ್ಕಿ, ಅಂದರೆ ತಂಡದ ಅತಿ ಚಿಕ್ಕವಳು, ಬೆಟ್ಟ ಹತ್ತುವುದರಲ್ಲಿ ಯಾರಿಗೂ ಸಿಗದವಳು, ಶಕ್ತಿ ಉಳಿಸಿಕೊಂಡು ಬರಬೇಕು. ದೊಡ್ಡಕ್ಕ ಒಂದು ರೇಸನ್ನೂ ಗೆದ್ದಿರಲಿಲ್ಲ. ಗೆಲ್ಲಿಸಿದ್ದು ಮಾತ್ರ ಬೇಕಾದಷ್ಟು.

ಗುಂಪಿನ ಮುಂತುದಿಯಲ್ಲಿ ದಿನಕ್ಕೆ ಮೂರು ಗಂಟೆ ಅವಳು. ಇಪ್ಪತ್ತು ಮೀಟರ್ ಮುಂದೆ, ಅವಳಿಗೇ ಮುಖ ಮಾಡಿಕೊಂಡು ಅವನು. ತಿರುವು ಬಂದಾಗ ಅವನು ಬೈಕ್ ಓಡಿಸುವವನ ಬೆಲ್ಟನ್ನು ಕೈ ಹಿಂದಕ್ಕೆ ಚಾಚಿ ತಡಕುತ್ತಿದ್ದ. ಸೀಮೆಸುಣ್ಣದ ಕೈಯಲ್ಲಿ ಮೂಗಿನ ಕೆಳಗೆ ಒರೆಸಿಕೊಂಡು ಬಿಳಿ ಮೀಸೆ ಬರೆದುಕೊಳ್ಳುತ್ತಿದ್ದ. ಹಲಗೆ ಎತ್ತಿದಾಗ ಮೊದಲು ಎಡಗಡೆ, ಆಮೇಲೆ ಬಲಗಡೆ, ಕೊನೆಗೆ ಅವಳ ಕಡೆ ನೋಡುತ್ತಿದ್ದ. ಆ ಕೊನೆಯ ನೋಟ ರೆಪ್ಪೆ ಬಡಿಯುವಷ್ಟು ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಮೂರನೆಯ ದಿನ ಮನೆಯಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ಟಿವಿಯಲ್ಲಿ ನೀನು ನಗ್ತಿದ್ದೆ."

"ಹಲ್ಲು ಕಚ್ಚಿರ್ತೀನಿ ಕಣೇ."

"ಹಲ್ಲು ಕಚ್ಚೋದು ನಂಗೊತ್ತಿಲ್ವಾ? ಅಮ್ಮನೂ ನೋಡಿದ್ಳು. ಇವಳಿಗೆ ಬಿಸಿಲು ನೆತ್ತಿಗೇರಿದೆ ಅಂದ್ಳು."

ನಾಲ್ಕನೆಯ ದಿನ ದಿಣ್ಣೆಗಳ ಹಾದಿ. ನಾಲ್ವರು ಮುಂದೆ ಹೋಗಿದ್ದರು. ಅವರು ದಣಿದಿದ್ದರೆ ಕಾಯಬಹುದು, ಇಲ್ಲದಿದ್ದರೆ ಈಗಲೇ ಅಟ್ಟಬೇಕು. ಅವನು ಅವರನ್ನು ಹತ್ತಿರದಿಂದ ನೋಡಿ ಬಂದಿದ್ದ. ಅವಳು ಗಲ್ಲವೆತ್ತಿ ಕಣ್ಣಲ್ಲೇ ಕೇಳಿದಳು: ಹೇಗಿದ್ದಾರೆ?

ಅವನು ಹಲಗೆಯನ್ನಷ್ಟೇ ತೋರಿಸಿದ. ತಲೆಯನ್ನು ಸಣ್ಣಗೆ ಅಲ್ಲಾಡಿಸಿದ. ಹೇಳಲ್ಲ.

ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ತುಳಿದು ತುಳಿದು ನಾಲ್ವರನ್ನೂ ಹಿಡಿದಳು. ಅಲ್ಲಿಂದ ಹಾರಿದ ಚಿಕ್ಕಿ ಅಂದು, ಎಲ್ಲ ದಿನಗಳ ಸಮಯ ಕೂಡಿದ ಲೆಕ್ಕದಲ್ಲಿ, ರೇಸಿನ ಮೊದಲ ಸ್ಥಾನಕ್ಕೆ ಬಂದಳು.

ಸಂಜೆ ಅವನೇ ತಂಡದ ಬಸ್ಸಿನ ಹತ್ತಿರ ಬಂದ. "ಕೋಪಾನಾ?"

"ಕಣ್ಣು ಮಿಟುಕಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಮುಂದೆ ಇದ್ದ ನಾಲ್ಕು ಜನಾನೂ ಹೀಗೇ ಕೇಳಿದ್ರು, ಹಿಂದಿನವರು ಸುಸ್ತಾಗಿದ್ದಾರಾ ಅಂತ. ಅವರಿಗೂ ಹೇಳ್ಲಿಲ್ಲ." ಅವನು ಬೆರಳಿನ ಸುಣ್ಣ ಉಜ್ಜಿಕೊಂಡ. "ನೀವು ಕೇಳಿದಾಗ ಮಾತ್ರ ಕಷ್ಟ ಆಯ್ತು."

ಅವಳು ಹೆಲ್ಮೆಟ್ ಎತ್ತಿಕೊಂಡಳು. ಬಸ್ಸು ಹತ್ತಿ ಕೂತಳು.

"ದೊಡ್ಡಕ್ಕ, ಮುಖ ಯಾಕೆ ಕೆಂಪಗಿದೆ?" ಎಂದಳು ಚಿಕ್ಕಿ.

"ಬಿಸಿಲು."

"ಮಧ್ಯಾಹ್ನದಿಂದ ಮೋಡ ಇತ್ತಲ್ಲ!"

ಕೊನೆಯ ದಿನ. ಚಿಕ್ಕಿಗಿಂತ ಒಟ್ಟಾರೆ ಮೂವತ್ತೆಂಟು ಸೆಕೆಂಡಷ್ಟೇ ಹಿಂದಿದ್ದ ಎದುರಾಳಿ, ಬೆಳಿಗ್ಗೆಯೇ ಗುಂಪು ಬಿಟ್ಟು ಮುಂದೆ ಓಡಿದಳು. ಹಲಗೆಯಲ್ಲಿ ಎರಡು ನಿಮಿಷ ಇಪ್ಪತ್ತು. ತಂಡದವರು ಸರದಿಯಲ್ಲಿ ಎಳೆದರು. ಒಬ್ಬೊಬ್ಬರೇ ಸೋತು ಹಿಂದೆ ಸರಿದರು. ಕೊನೆಗೆ ದೊಡ್ಡಕ್ಕ, ಅವಳ ಬೆನ್ನಿಗೆ ಚಿಕ್ಕಿ. ಒಂದೂವರೆ ನಿಮಿಷ. ಒಂದು ಹತ್ತು. ತೊಡೆ ಕಲ್ಲಾಯಿತು, ಬಾಯಲ್ಲಿ ಉಪ್ಪು. ಅವನು ಸುಳ್ಳು ಬರೆಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಕಡಿಮೆಯಾದ ಒಂದೊಂದು ಸೆಕೆಂಡನ್ನೂ ಅವಳು ಪೂರ್ತಿಯಾಗಿ ನಂಬಿದಳು.

ಬೆಟ್ಟದ ಬುಡದಲ್ಲಿ ಐವತ್ತು ಸೆಕೆಂಡ್.

"ಹೋಗು!" ಎಂದು ಪಕ್ಕಕ್ಕೆ ಸರಿದಳು. ಚಿಕ್ಕಿ ಹಕ್ಕಿಯಂತೆ ಮೇಲೆದ್ದು ಹೋದಳು. ಬೈಕೂ ಅವಳ ಜೊತೆಗೇ ಹೋಯಿತು. ತಿರುವಿನಲ್ಲಿ ಮರೆಯಾಗುವ ತನಕ ಅವನು ದೊಡ್ಡಕ್ಕನನ್ನೇ ನೋಡುತ್ತಿದ್ದ.

ಇನ್ನು ಹತ್ತು ಕಿಲೋಮೀಟರ್ ಏರು. ಅವಳ ಕೆಲಸ ಮುಗಿದಿತ್ತು, ಗುರಿ ಮುಟ್ಟಿದರೆ ಸಾಕು. ಹಿಂದೆ ಉಳಿದಿದ್ದ ತಂಡದ ನಾಲ್ವರೂ ಕೈ ಬೀಸಿ ಅವಳನ್ನು ದಾಟಿ ಹೋದರು. ಸಣ್ಣ ಗಾಳಿ ಬೀಸುತ್ತಿತ್ತು. ಚಿಕ್ಕಿ ಏನಾದಳೋ ಎಂಬ ಯೋಚನೆಯೊಂದನ್ನು ಬಿಟ್ಟರೆ ಮನಸ್ಸು ಹಗುರಾಗಿತ್ತು.

ಕೊನೆಯ ಕಿಲೋಮೀಟರಿನಲ್ಲಿ ರಸ್ತೆಯ ಅಂಚಿನಲ್ಲಿ ಯಾರೋ ಇಳಿದು ಬರುತ್ತಿದ್ದರು. ಹತ್ತಿರವಾದಾಗ ಗುರುತು ಸಿಕ್ಕಿತು. ಬೈಕೂ ಇಲ್ಲ, ಹಲಗೆಯೂ ಇಲ್ಲ.

"ಚಿಕ್ಕಿ?" ಎಂದಳು.

"ಎದುರಾಳಿಗಿಂತ ಮೂವತ್ನಾಲ್ಕೇ ಸೆಕೆಂಡ್ ಹಿಂದೆ ಬಂದ್ಳು. ಒಟ್ಟು ಲೆಕ್ಕದಲ್ಲಿ ನಾಲ್ಕು ಸೆಕೆಂಡಲ್ಲಿ ರೇಸ್ ನಿಮ್ಮದು."

ಅವಳ ಕಣ್ಣು ತುಂಬಿ ರಸ್ತೆ ಕಲಸಿಹೋಯಿತು. ಅವನು ತಿರುಗಿ ಅವಳ ಪಕ್ಕದಲ್ಲೇ ಮೇಲಕ್ಕೆ ನಡೆಯತೊಡಗಿದ.

"ನೀವ್ಯಾಕೆ ಇಳಿದು ಬಂದ್ರಿ?"

"ಆರು ದಿನ ಎದುರಿಗೇ ಇದ್ದೆ. ಒಂದ್ಸಲ ಪಕ್ಕದಲ್ಲಿರಬೇಕು ಅನ್ನಿಸ್ತು." ಅವನಿಗೆ ಆಗಲೇ ಏದುಸಿರು. "ಸ್ವಲ್ಪ ನಿಧಾನ ಹೋಗ್ತೀರಾ?"

"ಇದಕ್ಕಿಂತ ನಿಧಾನ ಹೋದ್ರೆ ಬಿದ್ದೇ ಹೋಗ್ತೀನಿ!"

ಅವನ ಕೈ ತಾನಾಗಿಯೇ ಅವಳ ಬೆನ್ನಿನತ್ತ ಚಾಚಿತು.

"ಮುಟ್ಟಬೇಡಿ. ತಳ್ಳಿದ್ರು ಅಂತ ಫೈನ್ ಹಾಕ್ತಾರೆ."

ಕೈ ಹಿಂದೆ ಹೋಯಿತು. "ಸೋಮವಾರ ಸ್ಕೂಲು ಶುರು," ಎಂದ.

"ನಂಗಿನ್ನೂ ಮೂರು ತಿಂಗಳು ರೇಸಿದೆ. ಮನೆ ಅಂದ್ರೆ ಒಂದು ಸೂಟ್‌ಕೇಸು."

"ಶನಿವಾರ, ಭಾನುವಾರ ರಜ. ನೀವೆಲ್ಲಿದ್ದೀರೋ ಅಲ್ಲಿಗೆ ಬರ್ತೀನಿ."

"ಬಂದು?"

"ಊಟ ಆಯ್ತಾ ಅಂತ ಕೇಳ್ತೀನಿ."

"ಅಷ್ಟಕ್ಕೆ ಅಷ್ಟು ದೂರ ಬರಬೇಕಾ?"

ಅವನು ಹೆಜ್ಜೆ ಬೀಸಿ ಅವಳ ಸಮಕ್ಕೆ ಬಂದ. "ನೀವಂದ್ರೆ ನಂಗೆ ತುಂಬಾ ಇಷ್ಟ. ಅದನ್ನ ಫೋನಲ್ಲಿ ಹೇಳೋಕೆ ಬರಲ್ಲ."

ಅವಳು ರಸ್ತೆಯನ್ನೇ ನೋಡುತ್ತಾ ತುಳಿದಳು.

"ಬನ್ನಿ," ಎಂದಳು ಮೆಲ್ಲಗೆ. "ಶನಿವಾರ ಬನ್ನಿ. ನಾನೂ ಕಾಯ್ತಿರ್ತೀನಿ."

ಕೊನೆಯ ನೂರು ಮೀಟರಿನಲ್ಲಿ ಬೇಲಿ ಶುರುವಾಗಿತ್ತು. ಅವನು ಬೇಲಿಯ ಆಚೆಯಿಂದ ಓಡಿದ. ಅವಳು ಗೆರೆ ದಾಟಿ ಇಳಿದಾಗ ಐವರು ಹುಡುಗಿಯರೂ ಒಟ್ಟಿಗೆ ಅವಳ ಮೇಲೆ ಬಿದ್ದರು, ನಕ್ಕರು, ಅತ್ತರು. ಅವರ ತೋಳುಗಳಿಂದ ಬಿಡಿಸಿಕೊಂಡು ಅವಳು ಬೇಲಿಯ ಹತ್ತಿರ ಬಂದಳು. ಬೆವರಿಗೆ ಅಂಟಿದ್ದ ಗ್ಲೌಸನ್ನು ಹಲ್ಲಿನಿಂದ ಎಳೆದು ಬಿಚ್ಚಿ, ಕೈ ಚಾಚಿದಳು.

"ಒದ್ದೆ ಇದೆ."

"ಇರಲಿ," ಎಂದು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ದೊಡ್ಡಕ್ಕ, ಫೋಟೋ!" ಚಿಕ್ಕಿ ವೇದಿಕೆಯ ಕಡೆಯಿಂದ ಕೂಗಿದಳು. "ನೀನಿಲ್ದೆ ತೆಗೆಯಲ್ಲ ಅಂದಿದ್ದೀವಿ, ಬೇಗ ಬಾ!"

"ಬಂದೆ, ಬಂದೆ," ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.