ಮೂರನೆಯ ಗುಂಡಿ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದು ಕೂಡುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆ ದಿನ ಚಂದಾಪುರದ ಬಟ್ಟೆ ಅಂಗಡಿಯಲ್ಲಿ, ಎಲ್ಲರ ಎದುರಿಗೆ, ಶರಣಕುಮಾರ ಆಡಿದ ಮಾತು ಅಂಥದ್ದು.

"ಈ ನಲವತ್ತೊಂದು ಲಕ್ಷ ಬರೀಲಾಕ ಸೇಟ್‌ಜೀ ಕಡಿಂದ ಎಷ್ಟು ತಗೊಂಡಾರ, ಅದನ್ನೂ ಮೇಡಮ್ಮಾರು ಬರೀಲಿ."

ಅಂಗಡಿಯ ಯಜಮಾನ ನಂದಕಿಶೋರ್ ಚಹಾದ ಕಪ್ಪನ್ನು ಕೆಳಗಿಟ್ಟ. ಜಮೀನಿನ ದಲ್ಲಾಳಿ ಗೋಡೆಯ ಕಡೆ ನೋಡಿದ. ಬಸವೇಶ್ವರಿ ಮಾತ್ರ ಶರಣಕುಮಾರನನ್ನೇ ನೋಡಿದಳು. ಒಂದು ವರ್ಷದಿಂದ ಅವಳು ಕದ್ದು ನೋಡುತ್ತಿದ್ದ ಮುಖ ಅದು. ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅಂದೇ ಮೊದಲು. ನಗುವಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ ಸಿಟ್ಟಿನಲ್ಲೂ ಬೀಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಅದು ಕಣ್ಣಿಗೆ ಬಿತ್ತಲ್ಲ ಎಂದು ಅವಳ ಸಿಟ್ಟು ಇನ್ನೂ ಏರಿತು.

"ನಾಳಿ ಮುಂಜಾನಿ ಎಂಟಕ್ಕ ನಿಮ್ಮ ಹೊಲದಾಗ ಜೆಸಿಬಿ ಇರ್ತದ," ಎಂದಳು. "ನೀವೂ ಬರ್ರಿ. ನಾ ಬರೆದಿದ್ದು ಖರೇನೋ ಸುಳ್ಳೋ ನಿಮ್ಮ ನೆಲಾನೇ ಹೇಳಲಿ. ಖರೇ ಆದ್ರ, ಇಲ್ಲಿಗೇ ಬಂದು ಇವರ ಮುಂದ ನನಗ ಕೈ ಮುಗೀಬೇಕು."

"ಸುಳ್ಳಾದ್ರ?"

"ಸುಳ್ಳಾದ್ರ ನನ್ನ ಸೀಲು ನಿಮ್ಮ ಕೈಯಾಗ ಕೊಡ್ತೀನಿ. ಹೊಲದಾಗ ಹುಗೀರಿ."

ಬಸವೇಶ್ವರಿಗೆ ಆ ಸೀಲು ಎಂದರೆ ಎಷ್ಟೆಂದು ಶಹಾಬಾದಿನಲ್ಲಿ ಎಲ್ಲರಿಗೂ ಗೊತ್ತು. ಒಂದೇ ಕೋಣೆಯ ಆಫೀಸು ಅವಳದು. ಯಾರಾದರೂ ಅಂಗಡಿಗೋ ಗೋದಾಮಿಗೋ ನೆಲ ಕೊಳ್ಳುವ ಮುಂಚೆ, ಕಟ್ಟಡ ಮೇಲೇಳುವ ಮೊದಲೇ ಆ ನೆಲ ಇನ್ನೆಷ್ಟು ಹಣ ನುಂಗುತ್ತದೆಂದು ಹೇಳುವುದು ಅವಳ ಕೆಲಸ. ಎಲ್ಲಿ ಕಡಿಯಬೇಕು, ಎಲ್ಲಿ ತುಂಬಬೇಕು, ನೀರು ಎತ್ತ ಹರಿಯಬೇಕು ಎಲ್ಲವನ್ನೂ ಅಳೆದು, ಬರೆದು, ಸೀಲು ಒತ್ತುತ್ತಿದ್ದಳು. ಅವಳ ತಂದೆ ಕಾಶೀನಾಥ ಮಾಸ್ತರರು ಲಿಂಗಪೂಜೆಗೆ ಕೂತಂತೆಯೇ ಅವಳು ಲೆಕ್ಕಕ್ಕೆ ಕೂರುತ್ತಿದ್ದಳು. ಒಂದು ಎಸಳೂ ಬಿಡುವಂತಿಲ್ಲ, ಒಂದೂ ಹೆಚ್ಚಾಗುವಂತಿಲ್ಲ.

ಶರಣಕುಮಾರನನ್ನು ಅವಳು ಮೊದಲು ಕಂಡದ್ದು ಅವನ ಮುಚ್ಚಿದ ಕಲ್ಲು ಪಾಲಿಶ್ ಶೆಡ್ಡಿನಲ್ಲಿ. ಅವನ ತಂದೆ ತೀರಿದ ಮೇಲೆ ಅಲ್ಲಿ ಯಂತ್ರ ನಿಂತಿತ್ತು, ಉಳಿದ ಫರ್ಸಿ ಕಲ್ಲುಗಳನ್ನು ಅವನು ಮಾರುತ್ತಿದ್ದ. ಅವಳು ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದಳು.

"ಕಲ್ಲಿಗಿ ಜ್ವರ ಬಂದದೇನ್ರಿ?" ಎಂದಿದ್ದ.

"ಕಲ್ಲು ಆರಾಮ ಅದ. ಮಾಲಕರಿಗೇ ಬಂದಂಗ ಕಾಣ್ತದ," ಎಂದಿದ್ದಳು.

ಅಲ್ಲಿಂದ ಶುರುವಾದದ್ದು ಮಾತಿನಲ್ಲಿ ಎಂದೂ ಮುಗಿಯಲಿಲ್ಲ. ಬೇಕಿಲ್ಲದ ಕಲ್ಲು ನೋಡಲು ಅವಳು ಹೋಗುವಳು, ಕೊಡಬೇಕಿಲ್ಲದ ಚೀಟಿ ಕೊಡಲು ಅವನು ಬರುವನು. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಗೆ ಹತ್ತಿದ ಎರಡು ಎಕರೆ ಅವನ ತಾಯಿ ರತ್ನಾಬಾಯಿಯ ಹೆಸರಲ್ಲಿತ್ತು. ಅದನ್ನು ಮಾರಿದರೆ ಶೆಡ್ಡು ತೆರೆಯುತ್ತದೆ; ಶೆಡ್ಡು ತೆರೆದರೆ ಅವನು ಹೆಣ್ಣು ಕೇಳಲು ಕಾಶೀನಾಥ ಮಾಸ್ತರರ ಮುಂದೆ ಬಂದು ಕೂರುತ್ತಾನೆ. ಇದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ನಂದಕಿಶೋರ್ ಅಲ್ಲೊಂದು ದೊಡ್ಡ ಶೋರೂಮ್ ಕಟ್ಟಬೇಕೆಂದು ಬಂದ. ನೆಲವನ್ನು ಹದ ಮಾಡಲು ಹೆಚ್ಚಿಗೆ ತಗಲುವ ಖರ್ಚು ಎಷ್ಟೋ ಅಷ್ಟನ್ನು ಬೆಲೆಯಲ್ಲಿ ಕಳೆಯಬೇಕೆಂದು ಮಾತಾಯಿತು. ಆ ಖರ್ಚನ್ನು ಬಸವೇಶ್ವರಿಯೇ ಬರೆಯಲಿ ಎಂದವನು ಶರಣಕುಮಾರನೇ. ಅವಳು ನಲವತ್ತೊಂದು ಲಕ್ಷ ಬರೆದಳು. ಅಷ್ಟು ಕಳೆದರೆ ಶೆಡ್ಡಿಗೆ ಏನೂ ಉಳಿಯುತ್ತಿರಲಿಲ್ಲ.

ಬರೆಯಲು ಕಾರಣ ಒಂದು ಕಲ್ಲು. ರಸ್ತೆಯ ಬದಿಯ ಬೇವಿನ ಬುಡದಲ್ಲಿ, ಮೂರು ಬೆರಳಿನ ವಿಭೂತಿ ಧರಿಸಿ ನಿಂತ ಮೊಳದೆತ್ತರದ ಫರ್ಸಿ. ಆ ಸೀಮೆಯಲ್ಲಿ ಹಿಂದೆ ಕಲ್ಲಿನ ಖಣಿ ತೆರೆದವರು, ಮೊದಲು ಎದ್ದ ಕಲ್ಲನ್ನು ಖಣಿಯ ಬಾಯಿಗೆ ನಿಲ್ಲಿಸಿ, ಅದಕ್ಕೆ ಶರಣೆಂದು ಕೆಳಗಿಳಿಯುತ್ತಿದ್ದರು. ಖಣಿ ಬರಿದಾಗಿ, ಕಲ್ಲಿನ ಚೂರು ತುಂಬಿ, ಮೇಲೆ ಎರೆಮಣ್ಣು ಹರಡಿ ಜೋಳ ಬಿತ್ತಿದರೂ ಆ ಕಲ್ಲನ್ನು ಯಾರೂ ಕದಲಿಸುತ್ತಿರಲಿಲ್ಲ. ಈ ರೂಢಿ ಈಗ ಮುದಿ ಖಣಿ ಕೆಲಸಗಾರರಿಗೆ ಮಾತ್ರ ಗೊತ್ತು. ಬಸವೇಶ್ವರಿ ಅವರ ಬಳಿ ಕೂತು ಕಲಿತಿದ್ದಳು. ಬೇವಿನ ಹತ್ತಿರ ಹಾರೆ ಹಾಕಿ ನೋಡಿದಾಗ ಬರೀ ಚೂರು ಬಂತು. ರಸ್ತೆಬದಿಯ ಭಾಗವೆಲ್ಲ ತುಂಬಿದ ಖಣಿ, ಕಟ್ಟಡದ ಭಾರ ತಡೆಯದು ಎಂದು ಬರೆದಳು.

ಯಾವ ನೆಲವಾದರೂ ಮೂರು ಕಡೆ ಗುಂಡಿ ತೋಡಿಯೇ ಬರೆಯಬೇಕೆಂಬುದು ಅವಳದೇ ನೇಮ. ಇಲ್ಲಿ ಮಾತ್ರ ತೋಡಿಸಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಮರುದಿನ ಎಂಟಕ್ಕೆ ಜೆಸಿಬಿ ಬಂತು. ಅವಳು ಅಳೆದುಹೋದ ಮೇಲೆ ಸುಗ್ಗಿ ಮುಗಿದು, ಹೊಲದಲ್ಲಿ ಈಗ ಕೂಳೆ ಮಾತ್ರ ಉಳಿದಿತ್ತು. ಯಂತ್ರ ನಡೆಸುವ ಕಪಿಲ ಮೀಸೆ ನರೆತ ಮನುಷ್ಯ. ಅವನ ಈಚೆಗೆ ಬಸವೇಶ್ವರಿ, ಆಚೆಗೆ ಶರಣಕುಮಾರ.

"ಕಪಿಲಣ್ಣ, ಬಿಸಿಲಿಗಿ ತಲಿ ತಿರುಗ್ತದ, ನೆರಳಿಗಿ ನಿಂದ್ರಿ ಅಂತ ಮೇಡಮ್ಮಾರಿಗಿ ಹೇಳು."

"ಕಪಿಲಣ್ಣ, ನನ್ನ ತಲಿ ನಿನ್ನೆನೇ ತಿರುಗ್ಯದ ಅಂತ ಅವರಿಗಿ ಹೇಳ್ರಿ."

"ನಾ ಮಣ್ಣು ಹೊರಾಂವ ಇದ್ದೀನ್ರೆಪ್ಪಾ," ಎಂದ ಕಪಿಲ. "ನಿಮ್ಮ ಜಗಳ ನೀವೇ ಹೊತ್ಕೋರಿ."

ಮೊದಲ ಗುಂಡಿ ಬೇವಿನ ಹತ್ತಿರ. ಮೂರು ಅಡಿ ಚೂರು ಬಂತು. ಬಸವೇಶ್ವರಿ ಶರಣಕುಮಾರನ ಕಡೆ ನೋಡಿ ಹುಬ್ಬೇರಿಸಿದಳು. ಆ ಹುಬ್ಬು ಇಳಿಯುವ ಮೊದಲೇ ಬಕೆಟ್ಟಿನ ಹಲ್ಲು ಠಣ್ ಎಂದಿತು. ಕೆಳಗೆ ಅಖಂಡ ಹಾಸುಬಂಡೆ. ಮೇಲಿನ ಚೂರು ರಸ್ತೆ ಅಗಲ ಮಾಡುವಾಗ ಸುರಿದದ್ದಿರಬೇಕು.

ಎರಡನೆಯದು ನಡುಹೊಲದಲ್ಲಿ. ನಾಲ್ಕು ಅಡಿಗೆ ಮತ್ತೆ ಠಣ್.

ಈಗ ಹುಬ್ಬೇರಿಸುವ ಸರದಿ ಅವನದಾಗಿತ್ತು. ಅವನು ಏರಿಸಲಿಲ್ಲ. ಅವಳ ಮುಖ ನೋಡಿ ನೆಲ ನೋಡಿದ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

"ಮೂರನೇದು ಅಗೀರಿ," ಎಂದಳು.

ಹಿಂದಿನ ಮೂಲೆಯಲ್ಲಿ ಬಕೆಟ್ಟು ಮುಳುಗುತ್ತಾ ಹೋಯಿತು. ಆರು ಅಡಿ, ಹತ್ತು ಅಡಿ, ಹದಿನಾಲ್ಕು ಅಡಿ. ಬರೀ ಹಳೆಯ ಚೂರು. ಖಣಿ ಇತ್ತು, ಆದರೆ ಇಲ್ಲಿತ್ತು. ಅದರ ಹರವು ಅವಳು ಬರೆದದ್ದರ ಕಾಲುಭಾಗವೂ ಅಲ್ಲ.

ಅಷ್ಟರಲ್ಲಿ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ರತ್ನಾಬಾಯಿ ಬಂದಳು. ಮೂರೂ ಗುಂಡಿ ನೋಡಿ, ಇದೊಂದನ್ನೇ ಅಗೆದಿದ್ದರೆ ಸಾಕಿತ್ತಲ್ಲ ಎಂದಳು. ಖಣಿ ಅವಳ ಮಾವನ ಕಾಲದ್ದಂತೆ. ಮಗ ಹುಟ್ಟುವ ಮೊದಲೇ ಮುಚ್ಚಿತ್ತಂತೆ.

"ಮತ್ತ ಕಲ್ಲು ಅಲ್ಲಿ ಬೇವಿನ ಬುಡಕ್ಕ ಅದಲ್ಲವ್ವಾ?" ಎಂದಳು ಬಸವೇಶ್ವರಿ.

"ಅದು ಇದೇ ಮೂಲ್ಯಾಗಿತ್ತು ಮಗಳ. ನನ್ನ ಯಜಮಾನ್ರು ತೀರಿದ ವರ್ಷ ಬಿಸಿಲಾಗ ಇಷ್ಟು ದೂರ ನಡೀಲಾಕ ನನಗ ಆಗ್ತಿದ್ದಿಲ್ಲ. ಇಂವ ಅದನ್ನ ಎಬ್ಬಿಸಿ ನೆರಳಿಗಿ ಹೊತ್ಕೊಂಡು ಹೋಗಿ ಇಟ್ಟ. ಸರಿಸಬಾರದೋ ಅಂತ ಬೈದೆ. ದೇವರಿಗೂ ನೆರಳು ಬೇಕಾಗ್ತದವ್ವಾ ಅಂದ."

ಅದು ಖಣಿಯ ಕಲ್ಲೆಂದು ತನಗೆ ಗೊತ್ತಿರಲಿಲ್ಲ, ಮನೆದೇವರೆಂದೇ ತಿಳಿದಿದ್ದೆ ಎಂದು ಶರಣಕುಮಾರ ತಾಯಿಗೆ ಹೇಳಿದ. ಹೇಳಿದ್ದು ತಾಯಿಗಾದರೂ ಕೇಳಬೇಕಾದವಳು ಬೇರೆ.

ಬಸವೇಶ್ವರಿ ಚೀಲದಿಂದ ಸೀಲು ತೆಗೆದು ಮುಂದೆ ಹಿಡಿದಳು. "ತಗೋರಿ. ಕಲ್ಲು ಸರಿಸಿದ್ದು ನಿಮ್ಮ ತಪ್ಪಿರಬಹುದು. ಅಗೀಲಾರದೇ ಬರೆದಿದ್ದು ನನ್ನ ತಪ್ಪು."

"ನನಗ ಬ್ಯಾಡ." ಅವನ ದನಿಯಲ್ಲಿ ನಿನ್ನೆಯದೇ ಬಿರುಸು. "ಮದಲು ಇದು ಹೇಳ್ರಿ. ಮೂರು ಗುಂಡಿ ನಿಮ್ಮ ನೇಮ ಅಂತ ಇಡೀ ಶಹಾಬಾದಿಗೇ ಗೊತ್ತು. ನಮ್ಮ ಹೊಲದಾಗ ಯಾಕ ಬಿಟ್ರಿ?"

ಆಗ ಅವಳಿಗೆ ಬಂದ ಸಿಟ್ಟು ನಿನ್ನೆಯ ಸಿಟ್ಟನ್ನು ಮೀರಿಸಿತು.

"ನಿಮ್ಮ ಅವ್ವನ ಜೋಳ ನಿಂತಿತ್ರಿ! ತೆನಿ ತುಂಬಿ ನಿಂತಿತ್ತು. ಅದರಾಗ ಜೆಸಿಬಿ ಹೆಂಗ ಹಾಯಿಸಲಿ? ಬ್ಯಾರೆಯವರ ಹೊಲ ಆಗಿದ್ರ ಹಾಯಿಸ್ತಿದ್ದೆ. ಸಾಕೇನು?"

ಶರಣಕುಮಾರ ಅವಳ ಕಡೆ ತಿರುಗಿದ. "ಇದನ್ನ ನಿನ್ನೆ ಹೇಳಬಾರದಿತ್ತೇನು?"

"ಅಷ್ಟು ಮಂದಿ ಮುಂದ ಹೇಳೋ ಮಾತೇನು ಅದು?"

ರತ್ನಾಬಾಯಿ ಕಪಿಲನನ್ನು ಕರೆದು, ರೊಟ್ಟಿ ಆರುತ್ತದೆ ಎಂದು ಬೇವಿನ ನೆರಳಿಗೆ ಕರೆದೊಯ್ದಳು. ವಯಸ್ಸಾದವರಿಗೆ ಕೆಲವು ಲೆಕ್ಕ ಅಳೆಯದೆಯೇ ತಿಳಿಯುತ್ತವೆ.

"ನಾ ಸಿಟ್ಟಿಗೆದ್ದಿದ್ದು ರೊಕ್ಕಕ್ಕಲ್ಲ," ಎಂದ ಅವನು, ಮುಖ ಅತ್ತ ಮಾಡಿ. "ನಲವತ್ತೊಂದು ಅಂತ ಓದಿದ ಕೂಡ್ಲೇ, ನಿಮ್ಮ ಮನಿ ಬಾಗಲಿಗಿ ಬರೋದು ಮುಗೀತು ಅನಿಸ್ತು. ಆ ಬಾಗಲಾ ನೀವೇ ಹಾಕೀರಿ ಅಂತ ತಿಳಿದೆ. ಅದಕ್ಕ ಬಾಯಿಗಿ ಬಂದಂಗ ಅಂದೆ. ಎಲ್ಲಿ ಅಂದೀನೋ ಇವತ್ತೇ ಅಲ್ಲೇ ಹೋಗಿ ತಪ್ಪಾತು ಅಂತೀನಿ. ಕೈ ಮುಗೀತೀನಿ. ನೀವು ಬಂದ್ರೂ, ಬರದಿದ್ರೂ."

"ಬರ್ತೀನಿ. ನಂದೂ ತಪ್ಪು ಅದ, ನಾನೂ ಹೇಳಬೇಕು."

ಅವಳು ಬದುವಿನ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟು ಹೊಸದಾಗಿ ಬರೆದಳು. ಹಿಂದಿನ ಮೂಲೆಗೆ ಗಟ್ಟಿ ಮೊರಂ ಮಣ್ಣು ತುಂಬಿ ಕುಟ್ಟುವುದು, ಅಲ್ಲೊಂದು ತಡೆಗೋಡೆ, ಮಳೆನೀರಿಗೆ ಕಾಲುವೆ. ಒಟ್ಟು ಹದಿಮೂರು ಲಕ್ಷ. ಅಷ್ಟು ಕಳೆದರೂ ಶೆಡ್ಡಿಗೆ ಉಳಿಯುತ್ತಿತ್ತು. ಅವನು ಬಿಸಿಲಿಗೆ ಅಡ್ಡವಾಗಿ ನಿಂತಿದ್ದ. ಹಾಳೆಯ ಮೇಲೆ ಅವನ ನೆರಳು ಸರಿಯಾಗಿ ಬೀಳುವಂತೆ ಅವನು ಎರಡು ಸಲ ಸರಿದದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗದವಳಂತೆ ಸೀಲು ಒತ್ತಿದಳು.

ಆಮೇಲೆ ಎದ್ದು, ಕಲ್ಲು ತನ್ನ ಜಾಗಕ್ಕೆ ಹೋಗಬೇಕು, ನಾಳೆ ಇನ್ನೊಬ್ಬರು ಅದನ್ನು ನಂಬಿ ಕೆಡಬಾರದು ಎಂದಳು. ಅಂದು ಒಬ್ಬನೇ ಹೊತ್ತಿದ್ದ ಕಲ್ಲನ್ನು ಇಂದು ಇಬ್ಬರೂ ಹಿಡಿದರು. ನಡುಹೊಲದಲ್ಲಿ ಅವನು, ನಿಲ್ಲೋಣವೇ, ಭಾರವಾಯಿತೇ ಎಂದು ಕೇಳಿದ. ಭಾರವಾಗಿದೆ, ನಿಲ್ಲುವುದು ಬೇಡ ಎಂದಳು.

ಮೂಲೆಯಲ್ಲಿ ಕಲ್ಲು ನಿಂತಿತು. ರತ್ನಾಬಾಯಿ ವಿಭೂತಿ ನೆನೆಸಿ ಮೂರು ಬೆರಳು ಎಳೆದಳು. ಬೆರಳಿಗೆ ಉಳಿದದ್ದನ್ನು ಮಗನ ಹಣೆಗೆ ಹಚ್ಚಿ, ಮತ್ತೂ ಉಳಿದದ್ದನ್ನು ಬಸವೇಶ್ವರಿಯ ಹಣೆಗೆ ಹಚ್ಚಿದಳು.

"ಸಿಟ್ಟು ಇಳೀತೇನು?" ಶರಣಕುಮಾರ ಮೆಲ್ಲಗೆ ಕೇಳಿದ.

"ಇಲ್ಲ."

"ಯಾವಾಗ ಇಳೀತದ?"

"ಸೋಮವಾರ ಅಪ್ಪಾರು ಪೂಜಾ ಮುಗಿಸಿ ಹೊರಗ ಬಂದು ಕುಂದರ್ತಾರ," ಎಂದಳು ಬಸವೇಶ್ವರಿ, ಅಂಗೈಗೆ ಹತ್ತಿದ ಮಣ್ಣು ಕೊಡವುತ್ತಾ. "ಅವ್ವನ್ನ ಕರ್ಕೊಂಡು ಬರ್ರಿ. ಅಲ್ಲಿ ತನಕ ಇರ್ತದ."